ಮಕ್ಕಳ ಬೇಸಿಗೆ ಶಿಬಿರಕ್ಕೆ ಬಾಡಿಗೆ ಪಡೆದ ಧ್ಯಾನಕೇಂದ್ರ: ಅನಿಸಿಕೆ

ಬೆಂಗಳೂರಿನ ಹೊರವಲಯದ ಈ ಕ್ರೈಸ್ತ ಧ್ಯಾನಕೇಂದ್ರವನ್ನು ನಮ್ಮ ಸಭೆಯವರು ಅನಾಥ ಹಾಗೂ ಆಸರೆಯಿಲ್ಲದ ಮಕ್ಕಳ ಬೇಸಿಗೆ ಶಿಬಿರಕ್ಕಾಗಿ ಬಾಡಿಗೆಗೆ ಪಡೆದಿದ್ದರು. ಹುಡುಗ ಹುಡುಗಿಯರಿಗೆ ಪ್ರತ್ಯೇಕ ಮಲಗುವ ಕೋಣೆಗಳು, ಒಳಗಿನಿಂದ ಚಿಲಕ ಹಾಕಬಹುದಾದ ಸ್ನಾನದ ಮನೆಗಳು, ರಾತ್ರಿಯಿಡೀ ದೀಪ ಉರಿಯುವ ಪಡಸಾಲೆ ಇರುವುದರಿಂದ, ಹೊಸ ಜಾಗದಲ್ಲಿ ಬೇಗ ಬೆದರುವ ಮಕ್ಕಳಿಗೆ ಇದು ನಿಜಕ್ಕೂ ಒಪ್ಪುವ ತಾಣ. ಅಡುಗೆಯವರು ‘ಇನ್ನೂ ಬೇಕೇನೋ ಮಗಾ’ ಎಂದು ಕೇಳಿ ಕೇಳಿ ಬಡಿಸಿದ್ದು, ಅಳತೆಯ ಊಟಕ್ಕೆ ಒಗ್ಗಿಹೋದ ಮಕ್ಕಳಿಗೆ ಬೈಬಲ್ ಪಾಠಕ್ಕಿಂತ ಮೊದಲೇ ತಲುಪಿತೆನ್ನಬೇಕು.

ಸಿದ್ಧತೆಯ ಹಂತದಲ್ಲಿ ಕಚೇರಿಯವರು ತೋರಿದ ಉದಾಸೀನವನ್ನು ಮಾತ್ರ ಒಪ್ಪಲಾಗದು. ಮಕ್ಕಳ ಕಲ್ಯಾಣ ಸಮಿತಿಗೆ ಸಲ್ಲಿಸಲೆಂದು ನಾವು ಕೇಳಿದ ಕಟ್ಟಡದ ವಿವರ ಹಾಗೂ ಸಿಬ್ಬಂದಿಯ ಪೊಲೀಸ್ ಪರಿಶೀಲನಾ ಪತ್ರಗಳು ಹಲವು ಬಾರಿ ನೆನಪಿಸಿದ ಮೇಲಷ್ಟೇ ಬಂದವು. ಅಲ್ಲದೆ ತಮ್ಮ ಪ್ರಚಾರಕ್ಕೆ ಮಕ್ಕಳ ಗುಂಪುಚಿತ್ರ ಬೇಕೆಂದು ಅವರು ಪಟ್ಟು ಹಿಡಿದರು. ಪಾಲನೆ, ರಕ್ಷಣೆಯ ಅಗತ್ಯವಿರುವ ಮಕ್ಕಳ ಗುರುತು ಬಯಲಾಗುವಂತೆ ಚಿತ್ರ ಪ್ರಕಟಿಸುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸುತ್ತದೆ ಎಂಬುದು ಶಿಬಿರಗಳಿಗೆ ಜಾಗ ಕೊಡುವವರಿಗೆ ಗೊತ್ತಿರಬೇಡವೇ? ಮಕ್ಕಳ ಸಹಾಯವಾಣಿ 1098ರ ಫಲಕವನ್ನೂ ನಾವೇ ಅಂಟಿಸಬೇಕಾಯಿತು. ಬಾಡಿಗೆ ಮಿತವಾಗಿದೆ, ಆದರೂ ಮುಂಗಡ ಕೊಡುವ ಮುನ್ನ ಕಾಗದಪತ್ರಗಳನ್ನು ಕೈಗೆ ಪಡೆದುಕೊಳ್ಳುವುದು ಒಳಿತು.