ಕಾಗದದ ಕೆಲಸಕ್ಕೆ ಸವಣೂರಿಗೆ ಹೋದವರು ಎಲ್ಲಿ ಉಣ್ಣಬೇಕು

ಈ ಖಾನಾವಳಿಗೆ ಬೋರ್ಡು ಇದೆ, ಅಕ್ಷರಗಳಿಲ್ಲ. ಬಿಸಿಲು ತಿಂದು ಉಳಿಸಿರುವುದು ಒಂದು ‘ವ’, ಒಂದು ‘ಳಿ’. ಸವಣೂರಿನಲ್ಲಿ ಬಾಂಡ್ ಬರೆಯುವವರು ಕುಳಿತಿರುವಲ್ಲಿ ‘ರೊಟ್ಟಿ ಊಟ ಎಲ್ಲಿ?’ ಎಂದು ಕೇಳಿದರೆ ಬರೆಯುವ ಕೈ ನಿಲ್ಲಿಸದೆ ಗದ್ದದಿಂದಲೇ ದಾರಿ ತೋರಿಸುತ್ತಾರೆ. ಮೂರು ಮೆಟ್ಟಿಲು ಇಳಿಯಬೇಕು. ತಲೆ ಬಗ್ಗಿಸಬೇಕು, ನಾನು ಮೊದಲ ದಿನ ಬಗ್ಗಿಸಲಿಲ್ಲ.

ನಾನು ಧಾರವಾಡದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಸವಣೂರು ತಾಲ್ಲೂಕಿನಲ್ಲಿ ನಮ್ಮ ಅಪ್ಪನ ಮೂರು ಎಕರೆ ಹೊಲವಿದೆ. ಅಪ್ಪ ತೀರಿಕೊಂಡ ಮೇಲೆ ವಾರಸಾ ಮಾಡಿಸಿ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ನಮ್ಮ ನಾಲ್ವರ ಹೆಸರು ಹತ್ತಿಸಲು ಒಂಬತ್ತು ಸಲ ಓಡಾಡಿದ್ದೇನೆ. ಮೂರು ಸಲ ತಪ್ಪು ನನ್ನದೇ. ಒಮ್ಮೆ ಮರಣ ಪ್ರಮಾಣಪತ್ರವನ್ನು ಮನೆಯ ಟ್ರಂಕಿನಲ್ಲೇ ಬಿಟ್ಟು ಬಂದಿದ್ದೆ. ಈ ಒಂಬತ್ತರಲ್ಲಿ ಎಂಟು ಊಟ ಇಲ್ಲಿಯೇ ಆಗಿರುವುದರಿಂದ ಬರೆಯುವ ಅಧಿಕಾರ ನನಗಿದೆ ಎಂದುಕೊಂಡಿದ್ದೇನೆ. ಉಳಿದ ಒಂದರ ಕಥೆ ಮುಂದೆ ಹೇಳುತ್ತೇನೆ.

ಸವಣೂರು ಚಿಕ್ಕ ಊರು, ಹೆಸರು ದೊಡ್ಡದು. ನವಾಬರ ಸಂಸ್ಥಾನವಾಗಿದ್ದದ್ದು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿ ಧಾರವಾಡ ಜಿಲ್ಲೆಯ ತಾಲ್ಲೂಕಾಯಿತು. 1997ರಲ್ಲಿ ಹಾವೇರಿ ಜಿಲ್ಲೆಯಾದಾಗ ಅತ್ತ ಹೋಯಿತು. ಜಿಲ್ಲಾಧಿಕಾರಿ ಹಾವೇರಿಯಲ್ಲಿದ್ದರೂ ಉಪವಿಭಾಗಾಧಿಕಾರಿಯ ಕಚೇರಿ ಇಲ್ಲಿದೆ. ಹಾಗಾಗಿ ಶಿಗ್ಗಾವಿ ಕಡೆಯವರೂ ಚೀಲದಲ್ಲಿ ಫೈಲು ಹಾಕಿಕೊಂಡು ಇಲ್ಲಿಗೇ ಬಂದು ಇಳಿಯುತ್ತಾರೆ. ಅಮೆರಿಕದ ಅಯೋವಾದಲ್ಲಿರುವ ನನ್ನ ಅಕ್ಕನ ಮಗನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದರೆ, ‘ನಮ್ಮ ಕೌಂಟಿ ಕೇಂದ್ರವೂ ಹೀಗೆಯೇ ಚಿಕ್ಕಮ್ಮ’ ಎಂದ. ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ, ಆ ರಾಜ್ಯದಲ್ಲಿ ಅಂಥವು 99 ಇವೆ. ಅವನಿರುವ ಊರಿನ ನಡುವೆ ಒಂದು ಚೌಕ, ಚೌಕದ ನಡುವೆ ಕೋರ್ಟು, ಸುತ್ತ ಅಂಗಡಿಗಳು. ಹೊಲದ ಖರೀದಿ ಪತ್ರ ನೋಂದಾಯಿಸಲೂ ಮದುವೆಯ ಪರವಾನಗಿಗೂ ಜನ ಅಲ್ಲಿಗೇ ಬರಬೇಕು. ಲೀ ಎಂಬ ಒಂದು ಕೌಂಟಿಗೆ ಮಾತ್ರ ಫೋರ್ಟ್ ಮ್ಯಾಡಿಸನ್, ಕಿಯೋಕಕ್ ಎಂದು ಎರಡು ಕೇಂದ್ರಗಳಂತೆ. ಎರಡು ಕಡೆ ಅಲೆಯುವವರ ಪಾಡನ್ನು ನೆನೆದು ನನಗೆ ನಗು ಬಂತು. ‘ಕೋರ್ಟಿನ ಎದುರು ಊಟಕ್ಕೆ ಏನು ಸಿಗುತ್ತದೆ?’ ಎಂದು ಕೇಳಿದೆ. ಬ್ರೆಡ್ಡು, ಹುರಿದ ಆಲೂಗಡ್ಡೆ, ಕೇಳಿದಷ್ಟು ಕಾಫಿ ಎಂದ. ಪಾಪ.

ಇಲ್ಲಿ ಕುಳಿತ ಕೂಡಲೇ ತಾಟು ಬರುತ್ತದೆ. ಎರಡು ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕೆಕಾಳಿನ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಹಿಡಿ ಹಸಿ ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ, ಮೊಸರು. ಎಂಬತ್ತು ರೂಪಾಯಿ. ಮೂರನೆಯ ರೊಟ್ಟಿಗೆ ದುಡ್ಡು ಕೇಳುವುದಿಲ್ಲ. ನಾಲ್ಕನೆಯದಕ್ಕೆ ನಿಮ್ಮ ಮುಖ ನೋಡಿ ತೀರ್ಮಾನಿಸುತ್ತಾರೆ. ಎಣ್ಣೆಗಾಯಿಯಲ್ಲಿ ಬದನೆಕಾಯಿ ಇಡಿಯಾಗಿ ನಿಂತಿರುತ್ತದೆ, ಬೆರಳು ಒತ್ತಿದರೆ ತೊಟ್ಟಿನ ತನಕ ಬಿಟ್ಟುಕೊಡುತ್ತದೆ. ಹುಬ್ಬಳ್ಳಿಯಲ್ಲಿ ಈಚೆಗೆ ಎಣ್ಣೆಗಾಯಿ ಎಂದು ಕೊಡುವ ಶೇಂಗಾದ ಗಂಜಿ ಇದಲ್ಲ. ಜಿಲ್ಲೆಯದೇ ಆದ ಬ್ಯಾಡಗಿ ಮೆಣಸಿನಕಾಯಿ ಹಾಕುತ್ತಾರೆ: ಬಣ್ಣ ನೋಡಿದರೆ ಕಣ್ಣೀರು ಬರಬೇಕು, ಬಾಯಿಗಿಟ್ಟರೆ ಅಷ್ಟು ಖಾರವಿಲ್ಲ. ಅನ್ನ ಸಾರಿನ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಸಾರು ಬಿಸಿಯಾಗಿರುತ್ತದೆ, ಅಷ್ಟೇ. ರೊಟ್ಟಿಯಲ್ಲೇ ಹೊಟ್ಟೆ ತುಂಬಿಸಿಕೊಳ್ಳಿ.

ಕೈ ತೊಳೆಯುವ ನಲ್ಲಿಯ ಪಕ್ಕದಲ್ಲಿ ಒಂದು ಅಲ್ಯೂಮಿನಿಯಂ ಡಬ್ಬಿ ಇದೆ. ಅದರ ತುಂಬ ಹಿಂಡಿದ ನಿಂಬೆಹಣ್ಣಿನ ಹೋಳುಗಳು. ಎಂಜಲನ್ನು ಇಲ್ಲೇಕೆ ಇಟ್ಟಿದ್ದಾರೆ ಎಂದು ಮೊದಲ ದಿನ ಮೂಗು ಮುರಿದಿದ್ದೆ. ಆಮೇಲೆ ಒಬ್ಬ ಅಜ್ಜ ಬಂದರು. ರುಮಾಲು ಸರಿಸಿ, ಎಡಗೈ ಹೆಬ್ಬೆರಳಿಗೆ ಒಂದು ಹೋಳು ಸಿಕ್ಕಿಸಿಕೊಂಡು ಟೋಪಿ ತಿರುಗಿಸಿದ ಹಾಗೆ ತಿರುಗಿಸತೊಡಗಿದರು. ಹೆಬ್ಬೆಟ್ಟಿನ ನೀಲಿ ಮಸಿ! ಆಸ್ತಿ ಪಾಲು ಮಾಡುವ ವಾಟಣಿ ಪತ್ರಕ್ಕೆ ಒತ್ತಿ ಬಂದಿದ್ದರು. ಮಸಿ ಪೂರ್ತಿ ಹೋಗಲಿಲ್ಲ, ಉಗುರಿನ ಸಂದಿಯಲ್ಲಿ ಗೆರೆಯಾಗಿ ಉಳಿಯಿತು. ಬಲಗೈಯಿಂದ ಉಂಡರು, ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡೇ ಇದ್ದರು. ಕಿಟಕಿಯ ಸರಳಿಗೆ ದಾರದಲ್ಲಿ ಕಟ್ಟಿದ ಪೆನ್ನು, ಗೋಂದಿನ ಬಾಟಲಿ, ಗುಂಡುಸೂಜಿ ಚುಚ್ಚಿಟ್ಟ ಹಳೆಯ ಸಾಬೂನು, ಇವೂ ಊಟದ ಜೊತೆಗೆ ಬಿಟ್ಟಿ. ಹಸಿದವರಿಗಿಂತ ಹೆಚ್ಚಾಗಿ ಕಾಯುವವರಿಗಾಗಿ ನಡೆಯುವ ಖಾನಾವಳಿ ಇದು. ಫೈಲಿನ ಚೀಲವನ್ನು ಹಿಟ್ಟಿನ ಡಬ್ಬಿಯ ಮೇಲೆ ಇಟ್ಟು ಸಂಜೆಯ ತನಕ ಅಲೆದಾಡಿ ಬರಬಹುದು.

ನಾನು ಹಾಗೆ ಒಮ್ಮೆ ಕಲ್ಮಠದ ದೊಡ್ಡ ಹುಣಸೆ ಮರಗಳನ್ನು ನೋಡಿ ಬಂದೆ. ಹೆಸರಿಗೆ ಹುಣಸೆ, ಜಾತಿ ಆಫ್ರಿಕಾದ ಬಾವೊಬಾಬ್. ಮೂರರಲ್ಲಿ ಒಂದು 2023ರ ಮಳೆಗಾಲದಲ್ಲಿ ಬುಡಸಮೇತ ಉರುಳಿತು, ಅದನ್ನು ಎತ್ತಿ ಮತ್ತೆ ನೆಟ್ಟರು. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ ಊರು ಇದು ಎಂಬುದನ್ನು ನಮ್ಮ ಶಾಲೆಯ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಅವರಿಗೆ ನೆನಪಿರುವುದು ಮಾತ್ರ ನಾನು ತಂದುಕೊಡುವ ಸವಣೂರು ಖಾರ ಎಂಬ ಕುರುಕಲು ತಿಂಡಿ. ಊಟದ ಮೇಲೆ ಇಲ್ಲಿಯ ವೀಳ್ಯದೆಲೆಯನ್ನೂ ಬಿಡಬೇಡಿ.

ಕುಂದು ಹೇಳಬೇಕಲ್ಲ. ಹೆಂಗಸರು ಕೂರಲು ಬೇರೆ ಜಾಗವಿಲ್ಲ. ಒಂದೂವರೆಗೆ ಹೋದರೆ ಕರಿ ಕೋಟುಗಳ ನಡುವೆ ಸೆರಗು ಬಿಗಿಹಿಡಿದು, ಮೊಣಕೈ ಒಳಗಿಟ್ಟುಕೊಂಡು ಉಣ್ಣಬೇಕಾಗುತ್ತದೆ. ಹನ್ನೆರಡೂವರೆಗೇ ಹೋಗಿ, ರೊಟ್ಟಿ ಹಂಚಿನಿಂದ ನೇರವಾಗಿ ತಾಟಿಗೆ ಬೀಳುವ ಹೊತ್ತೂ ಅದೇ. ಇನ್ನು ಊಟವಿಲ್ಲದ ಆ ಒಂದು ಸಲದ ಕಥೆ. 2019ರಿಂದ ನಾಲ್ಕನೆಯ ಶನಿವಾರವೂ ಸರ್ಕಾರಿ ರಜೆ ಎಂಬುದನ್ನು ಸರ್ಕಾರಿ ನೌಕರಳಾಗಿಯೂ ಮರೆತು, ಶಾಲೆಗೆ ಒಂದು ದಿನ ರಜೆ ಹಾಕಿ ಹೋದೆ. ಕಚೇರಿ ಮುಚ್ಚಿತ್ತು. ಖಾನಾವಳಿಯೂ ಮುಚ್ಚಿತ್ತು. ಬಸ್ ನಿಲ್ದಾಣದಲ್ಲಿ ಬಿಸ್ಕತ್ತು ತಿಂದು ಶಿಗ್ಗಾವಿಯ ಬಸ್ಸು ಹತ್ತಿದೆ.

ರೊಟ್ಟಿ ತಟ್ಟುವಾಕೆಗೆ ನನಗಿಂತ ಹತ್ತು ವರ್ಷ ಹೆಚ್ಚಿರಬಹುದು, ಆದರೂ ನನ್ನನ್ನು ‘ಅಕ್ಕನವರೇ’ ಎಂದೇ ಕರೆಯುತ್ತಾರೆ. ಯಾವ ದಿನ ಎಷ್ಟು ಹಿಟ್ಟು ಕಲಸಬೇಕು ಎಂಬುದು ಅವರಿಗೆ ಬೆಳಿಗ್ಗೆ ಬಾಂಡ್ ಬರೆಯುವವರ ಮುಂದಿನ ಸಾಲು ನೋಡಿದರೇ ತಿಳಿಯುತ್ತದೆಯಂತೆ. ಕಳೆದ ತಿಂಗಳು ಉತಾರ ಕೈಗೆ ಬಂದಾಗ ಮೊದಲು ತೋರಿಸಿದ್ದು ಅವರಿಗೆ. ಹಿಟ್ಟಿನ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ಬಗ್ಗಿ ನೋಡಿದರು. ಅವರಿಗೆ ಓದಲು ಬರುವುದಿಲ್ಲ, ಆದರೆ ಕೆಳಗಿನ ಮೊಹರನ್ನು ಗುರುತಿಸಿದರು.

‘ಹಾಗಾದರೆ ಇನ್ನು ಬರುವುದಿಲ್ಲ ಎನ್ನಿ’ ಎಂದರು.

‘ಪೋಡಿ ಬಾಕಿ ಇದೆ, ಹೊಲ ಅಳೆದು ಪಾಲು ಬೇರೆ ಮಾಡಿಸಬೇಕು’ ಎಂದೆ.

‘ಪೋಡಿಯೋ!’ ಎಂದು ನಕ್ಕು, ನಾಲ್ಕನೆಯ ರೊಟ್ಟಿಯನ್ನು ಕೇಳದೆಯೇ ತಾಟಿಗೆ ಹಾಕಿದರು.