ಕಟ್, ಆಕ್, ಮಿಲ್ಲರ್: ದಿನನಿತ್ಯದ ಕೆಲಸಕ್ಕೆ ಯಾವುದು?

ಲಾಗ್ ಕಡತಗಳನ್ನು ಜಾಲಾಡುವುದಕ್ಕೂ ಸರ್ವರ್ ನಿರ್ವಹಣೆಗೂ ಬಳಸಿ ನೋಡಿದ ಒಂದು ಸಾಲಿನ ಆದೇಶಗಳಲ್ಲಿ ನನ್ನ ಒಲವು, ಸಾಲುಗಳನ್ನು ಕಾಲಂಗಳಾಗಿ ಒಡೆದು ಬೇಕಾದ್ದನ್ನು ಹೆಕ್ಕಿಕೊಡುವ ಆಕ್ (awk) ಕಡೆಗೇ ಇದೆ. 1977ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಅಹೋ, ವೈನ್‌ಬರ್ಗರ್ ಮತ್ತು ಕರ್ನಿಘನ್ ರೂಪಿಸಿದ ಈ ಪುಟ್ಟ ಭಾಷೆ ಬಹುತೇಕ ಎಲ್ಲ ಲಿನಕ್ಸ್ ಸರ್ವರ್‌ಗಳಲ್ಲೂ ಮೊದಲೇ ಇರುತ್ತದೆ. ನನ್ನ ಕೆಲಸವೆಲ್ಲ ಹೊಸ ಪ್ಯಾಕೇಜ್ ಹಾಕಲು ಅನುಮತಿಯಿಲ್ಲದ ಯಂತ್ರಗಳ ಮೇಲೆ ನಡೆಯುವುದರಿಂದ ಈ ಗುಣವನ್ನೇ ನಾನು ಮೊದಲು ನೋಡುತ್ತೇನೆ.

ಸಾಲಿನಿಂದ ಕಾಲಂಗಳನ್ನು ಕತ್ತರಿಸಿ ಕೊಡುವ ಕಟ್ (cut) ಆದೇಶ ವೇಗವಾಗಿದೆ, ಕಲಿಯಲು ಸುಲಭ. ಆದರೆ ಡಿಸ್ಕ್ ಬಳಕೆಯನ್ನು ತೋರಿಸುವ ಡಿಎಫ್‌ನ ಫಲಿತಾಂಶವನ್ನು ಅದಕ್ಕೆ ಕೊಟ್ಟರೆ, ಕಾಲಂಗಳ ನಡುವಿನ ಒಂದೊಂದು ಖಾಲಿ ಜಾಗವನ್ನೂ ಅದು ಬೇರೆ ಬೇರೆ ಗಡಿಯೆಂದೇ ಎಣಿಸುತ್ತದೆ. ಐದನೆಯ ಕಾಲಂ ಕೇಳಿದರೆ ಏನೂ ಬರದೆ ಇರಬಹುದು. ಮೂರನೆಯ ಕಾಲಂ ಮೊದಲು, ಒಂದನೆಯದು ಆಮೇಲೆ ಬರಲಿ ಎಂದರೂ ಅದು ಕಡತದಲ್ಲಿರುವ ಕ್ರಮದಲ್ಲೇ ಕೊಡುತ್ತದೆ. ಆಕ್‌ಗೆ ಈ ಎರಡೂ ತೊಂದರೆಗಳಿಲ್ಲ.

ಆಕ್ ನನ್ನನ್ನು ನಿಜವಾಗಿ ಸತಾಯಿಸಿದ್ದು, ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸುವ ಸಿಎಸ್‌ವಿ ಕಡತದ ವಿಳಾಸಗಳಲ್ಲಿ. ಗ್ರಾಹಕರೊಬ್ಬರು ಕೊಟ್ಟ ಪಟ್ಟಿಯಲ್ಲಿ ಹೆಸರು, ವಿಳಾಸ, ಊರು, ಪಿನ್‌ಕೋಡ್ ಎಂಬ ನಾಲ್ಕು ಕಾಲಂಗಳಿದ್ದವು. ಬೆಂಗಳೂರಿನ ವಿಳಾಸವೆಂದರೆ ಮನೆ ಸಂಖ್ಯೆ, ಅಡ್ಡರಸ್ತೆ, ಮುಖ್ಯರಸ್ತೆ, ಬಡಾವಣೆ, ಹೀಗೆ ನಡುನಡುವೆ ಅಲ್ಪವಿರಾಮಗಳು ಇದ್ದೇ ಇರುತ್ತವೆ. ಇಡೀ ವಿಳಾಸ ಉದ್ಧರಣ ಚಿಹ್ನೆಯೊಳಗೇ ಇದ್ದರೂ ಆಕ್ ಅದನ್ನು ಲೆಕ್ಕಿಸದೆ ಪ್ರತಿ ಅಲ್ಪವಿರಾಮದಲ್ಲೂ ತುಂಡರಿಸುವುದರಿಂದ, ಪಿನ್‌ಕೋಡ್ ಒಂದು ಸಾಲಿನಲ್ಲಿ ಆರನೆಯ ಕಾಲಂನಲ್ಲಿ, ಇನ್ನೊಂದರಲ್ಲಿ ಏಳನೆಯದರಲ್ಲಿ ಸಿಗುತ್ತಿತ್ತು.

ಇದಕ್ಕೆ ಪರಿಹಾರಗಳಿವೆ. ಆಕ್‌ನ ಒಂದು ರೂಪವಾದ ಗಾಕ್‌ನ (gawk) 2023ರಲ್ಲಿ ಬಂದ 5.3 ಆವೃತ್ತಿಯಲ್ಲಿ ಸಿಎಸ್‌ವಿಗೆಂದೇ ಒಂದು ಆಯ್ಕೆ ಸೇರಿದೆ. ಆದರೆ ಡೆಬಿಯನ್ ಲಿನಕ್ಸ್‌ನ ಕನಿಷ್ಠ ಸ್ಥಾಪನೆಯಲ್ಲಿ ಸಿಗುವುದು ಗಾಕ್ ಅಲ್ಲ, ಮಾಕ್ (mawk) ಎಂಬ ಇನ್ನೊಂದು ರೂಪ. ಕೊನೆಗೆ ನನ್ನ ಕೈಹಿಡಿದದ್ದು ಎನ್‌ಎಫ್ ಎಂಬ ಚರಾಂಕ. ಸಾಲಿನಲ್ಲಿ ಎಷ್ಟು ತುಂಡುಗಳಿವೆಯೆಂದು ಅದು ಹೇಳುವುದರಿಂದ, ಅದರ ಎಡಕ್ಕೆ ಡಾಲರ್ ಚಿಹ್ನೆ ಹಾಕಿದರೆ ($NF) ಕೊನೆಯ ತುಂಡು, ಅಂದರೆ ಪಿನ್‌ಕೋಡ್, ನೇರವಾಗಿ ಸಿಗುತ್ತದೆ. ಅದರಲ್ಲಿ ಒಂದನ್ನು ಕಳೆದರೆ ಊರು. ಅಲ್ಪವಿರಾಮಗಳು ಒಂದೇ ಕಾಲಂನಲ್ಲಿ ಇರುವವರೆಗೆ ಹೀಗೆ ಹಿಂದಿನಿಂದ ಎಣಿಸುವ ಉಪಾಯ ನಡೆಯುತ್ತದೆ.

ಸಿಎಸ್‌ವಿಯಂಥ ಕಡತಗಳಿಗೆಂದೇ ಇರುವ ಮಿಲ್ಲರ್ ಎಂಬ ಸಾಧನಕ್ಕೆ ಈ ಕಸರತ್ತು ಬೇಕಿಲ್ಲ. ಅದು ಉದ್ಧರಣ ಚಿಹ್ನೆಗಳನ್ನು ಗೌರವಿಸುತ್ತದೆ, ಕಾಲಂಗಳನ್ನು ಹೆಸರಿನಿಂದಲೇ ಕರೆಯಲು ಬಿಡುತ್ತದೆ, ಜೇಸನ್ (JSON) ಎಂಬ ದತ್ತಾಂಶ ರೂಪಕ್ಕೂ ಬದಲಾಯಿಸಿ ಕೊಡುತ್ತದೆ. ಅದನ್ನು ಪ್ರತ್ಯೇಕವಾಗಿ ಸ್ಥಾಪಿಸಬೇಕು ಎಂಬುದೊಂದೇ ಕೊರತೆ.

ಕನ್ನಡ ಪಠ್ಯವಿದ್ದರೆ ಇನ್ನೊಂದು ಎಚ್ಚರ ಅಗತ್ಯ. ‘ಕನ್ನಡ’ ಎಂಬ ಪದದ ಉದ್ದವನ್ನು ಮಾಕ್ ಬೈಟ್‌ಗಳಲ್ಲಿ ಎಣಿಸಿ 15 ಎನ್ನುತ್ತದೆ. ಯುಟಿಎಫ್-8 ಎಂಬ ಅಕ್ಷರ ಸಂಕೇತ ವ್ಯವಸ್ಥೆಯಲ್ಲಿ ಗಾಕ್ ಚಿಹ್ನೆಗಳನ್ನು (ಕ, ನ, ಅರ್ಧಾಕ್ಷರದ ಚಿಹ್ನೆ, ನ, ಡ) ಎಣಿಸಿ 5 ಎನ್ನುತ್ತದೆ.

ಪುನರಾವರ್ತಿತ ಸಾಲುಗಳನ್ನು ತೆಗೆಯಲು ಯೂನಿಕ್ (uniq) ಆದೇಶ ಬಳಸುವವರು ಮೊದಲು ಸಾರ್ಟ್ (sort) ಆದೇಶದಿಂದ ಸಾಲುಗಳನ್ನು ಕ್ರಮವಾಗಿ ಜೋಡಿಸಲೇಬೇಕು, ಏಕೆಂದರೆ ಅದು ಅಕ್ಕಪಕ್ಕದ ಸಾಲುಗಳನ್ನು ಮಾತ್ರ ಹೋಲಿಸುತ್ತದೆ. ಆಕ್ ಮೂಲ ಕ್ರಮವನ್ನು ಉಳಿಸಿಕೊಂಡೇ ಈ ಕೆಲಸ ಮುಗಿಸುತ್ತದೆ. ಡಿಸ್ಕ್ ತುಂಬಿದಾಗ ದೊಡ್ಡ ಫೋಲ್ಡರ್ ಹುಡುಕಲು ಮಾತ್ರ ನಾನು ಆಕ್ ಬಿಟ್ಟು ಫೋಲ್ಡರ್‌ಗಳ ಗಾತ್ರ ತೋರಿಸುವ ಡಿಯು (du) ಮತ್ತು ಸಾರ್ಟ್‌ನ ಜೋಡಿಯನ್ನೇ ಬಳಸುತ್ತೇನೆ.

ನನ್ನ ಸ್ವಂತ ಲ್ಯಾಪ್‌ಟಾಪ್‌ನಲ್ಲಿ ವಿಳಾಸದ ಪಟ್ಟಿಗಳಿಗೆ ಮಿಲ್ಲರ್ ಇದೆ. ಬೇರೆಯವರ ಸರ್ವರ್‌ಗೆ ಲಾಗಿನ್ ಆದಾಗ ಆಕ್ ಬಿಟ್ಟು ಇನ್ನೊಂದನ್ನು ಹುಡುಕುವ ಅಗತ್ಯ ನನಗೆ ಬೀಳುವುದು ಬಹಳ ಅಪರೂಪ.