ಐದು ವರ್ಷದ ‘ಇಂಟಿಗ್ರೇಟೆಡ್’ ಕೌನ್ಸೆಲಿಂಗ್ ಸೈಕಾಲಜಿ: ಫೀಸು ಕಟ್ಟುವ ಮುಂಚೆ ಇದನ್ನು ಓದಿ

ಪಿಯುಸಿ ರಿಸಲ್ಟ್ ಬಂದ ಮರುದಿನದಿಂದಲೇ ಕಾಲೇಜುಗಳಿಂದ ಫೋನು ಶುರು. ‘ಬಿ.ಎಸ್ಸಿ, ಎಂ.ಎಸ್ಸಿ ಎರಡೂ ಒಟ್ಟಿಗೆ ಮೇಡಂ, ಐದೇ ವರ್ಷ, ಒಂದು ವರ್ಷ ಉಳಿತಾಯ, ಮುಗಿಸಿದ ತಕ್ಷಣ ಲೈಸೆನ್ಸ್ ಇರೋ ಸೈಕಾಲಜಿಸ್ಟ್.’ ಇದರಲ್ಲಿ ನಿಜವಾದದ್ದು ಐದು ವರ್ಷ ಅನ್ನುವುದೊಂದೇ. ನಾನು 2021ರಲ್ಲಿ ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಯಲ್ಲಿ ಇಂಥ ಕೋರ್ಸಿಗೆ ಸೇರಿ, ಮೂರನೇ ವರ್ಷ ಮುಗಿಸಿ ಹೊರಬಿದ್ದವಳು. ಸಂಸ್ಥೆಯ ಹೆಸರು ಬರೆಯುತ್ತಿಲ್ಲ. ಹೆಸರು ಗೊತ್ತಾದರೆ ಆ ಒಂದನ್ನು ಬಿಟ್ಟು ಪಕ್ಕದ್ದಕ್ಕೆ ಹೋಗುತ್ತೀರಿ, ಅಲ್ಲೂ ಇದೇ ಬ್ರೋಷರ್ ಇರಬಹುದು.

ಮೊದಲು ಆ ‘ಉಳಿಯುವ ವರ್ಷ’ದ ಲೆಕ್ಕ. 2021–22ರಲ್ಲಿ ಕರ್ನಾಟಕದಲ್ಲಿ ಹೊಸ ರಾಷ್ಟ್ರೀಯ ಶಿಕ್ಷಣ ನೀತಿ, ಅಂದರೆ ಎನ್‌ಇಪಿ ಬಂದು ನಾಲ್ಕು ವರ್ಷದ ಆನರ್ಸ್ ಶುರುವಾಗಿತ್ತು. ಅಡ್ಮಿಷನ್ ಮೇಜಿನಲ್ಲಿದ್ದವರು ಹಾಳೆಯ ಮೇಲೆ ಬರೆದು ತೋರಿಸಿದರು: ಬೇರೆ ಕಡೆ ಡಿಗ್ರಿ ನಾಲ್ಕು, ಪಿಜಿ ಎರಡು, ಒಟ್ಟು ಆರು, ನಮ್ಮಲ್ಲಿ ಐದು. ಆದರೆ ಎನ್‌ಇಪಿಯಲ್ಲಿ ನಾಲ್ಕು ವರ್ಷದ ಆನರ್ಸ್ ಮಾಡಿದವರಿಗೆ ಪಿಜಿ ಒಂದೇ ವರ್ಷ. ಮೂರಕ್ಕೇ ಡಿಗ್ರಿ ಪಡೆದರೆ ಪಿಜಿ ಎರಡು ವರ್ಷ. 2024–25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಡಿಗ್ರಿಗೇ ಮರಳಿತು, ಅಲ್ಲಿಗೂ ಮೂರು ಪ್ಲಸ್ ಎರಡು. ಯಾವ ಕಡೆಯಿಂದ ಕೂಡಿದರೂ ಐದೇ. ಇಲ್ಲದ ಒಂದು ವರ್ಷವನ್ನು ಉಳಿಸಿಕೊಡುತ್ತೇವೆಂದು ಹೆಚ್ಚುವರಿ ಫೀಸು ತೆಗೆದುಕೊಂಡರು.

ಎರಡನೆಯದು ಲೈಸೆನ್ಸ್. ಇದು ಹಣಕ್ಕಿಂತ ದೊಡ್ಡ ಮೋಸ. ನಮ್ಮ ದೇಶದಲ್ಲಿ ಮಾನಸಿಕ ಕಾಯಿಲೆ ಗುರುತಿಸಿ ಚಿಕಿತ್ಸೆ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳನ್ನು ನೋಂದಾಯಿಸುವುದು ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ, ಅಂದರೆ ಆರ್‌ಸಿಐ, 1992ರ ಕಾಯ್ದೆಯಡಿ. ಅದರ ಪಟ್ಟಿಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಇದ್ದಾರೆ, ರಿಹ್ಯಾಬಿಲಿಟೇಷನ್ ಸೈಕಾಲಜಿಸ್ಟ್ ಇದ್ದಾರೆ. ‘ಕೌನ್ಸೆಲಿಂಗ್ ಸೈಕಾಲಜಿಸ್ಟ್’ ಎಂಬ ಹೆಸರಿನ ವರ್ಗ ಇಲ್ಲ. ಕ್ಲಿನಿಕಲ್ ಕಡೆಗೆ ಹೋಗಲು ಬಹುಕಾಲದಿಂದ ಇದ್ದ ದಾರಿ ಎಂದರೆ ಸೈಕಾಲಜಿಯಲ್ಲಿ ಪಿಜಿ, ಆಮೇಲೆ ನಿಮ್ಹಾನ್ಸ್‌ನಂಥ ಕಡೆ ಆರ್‌ಸಿಐ ಮಾನ್ಯತೆಯ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಎನ್‌ಇಪಿ ಎಂ.ಫಿಲ್ ಅನ್ನೇ ಕೈಬಿಡಲು ಹೇಳಿದ ಮೇಲೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕ್ಲಿನಿಕಲ್ ಸೈಕಾಲಜಿಗೆ ವಿನಾಯಿತಿ ಕೊಟ್ಟು 2025–26ರವರೆಗೆ ಮುಂದುವರಿಸಿತು. ಇಷ್ಟೊಂದು ಅಲುಗಾಡುತ್ತಿರುವ ದಾರಿಯ ಬಗ್ಗೆ ‘ಐದು ವರ್ಷ, ನೇರ ಲೈಸೆನ್ಸ್’ ಎಂದು ಬಾಯಿ ತುಂಬ ಹೇಳುವವರನ್ನು ನಂಬಬೇಡಿ. ನಮ್ಮ ಬ್ರೋಷರ್‌ನಲ್ಲಿ ಆರ್‌ಸಿಐ ಎಂಬ ಮೂರಕ್ಷರ ದಪ್ಪಗೆ ಇತ್ತು. ವಿಚಾರಿಸಿದಾಗ ತಿಳಿದದ್ದೇನೆಂದರೆ, ಆ ಮಾನ್ಯತೆ ಅದೇ ಕ್ಯಾಂಪಸ್‌ನ ವಿಶೇಷ ಅಗತ್ಯದ ಮಕ್ಕಳ ಶಿಕ್ಷಕರಿಗಿರುವ ಸ್ಪೆಷಲ್ ಬಿ.ಎಡ್ ಕೋರ್ಸಿನದು!

ಈ ಡಿಗ್ರಿ ಅಮೆರಿಕದಲ್ಲೂ ನಡೆಯುತ್ತದೆ ಅನ್ನುವುದು ಅವರ ಇನ್ನೊಂದು ಮಾತು. ಅಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಲೈಸೆನ್ಸಿಂಗ್ ಬೋರ್ಡು. ಬಹಳಷ್ಟು ಕಡೆ 60 ಕ್ರೆಡಿಟ್‌ನ ಮಾಸ್ಟರ್ಸ್ ಕೇಳುತ್ತಾರೆ, ಆಮೇಲೆ ಸಾವಿರಾರು ಗಂಟೆ ಸೂಪರ್‌ವಿಷನ್‌ನಲ್ಲಿ ಕೆಲಸ. ಇಲ್ಲಿನ ಡಿಗ್ರಿ ಹಿಡಿದುಕೊಂಡು ಹೋಗಿ ಹೆಸರಿನ ಬೋರ್ಡು ನೇತುಹಾಕಲು ಆಗುವುದಿಲ್ಲ.

ಈಗ ತರಗತಿಯೊಳಗಿನ ಕಥೆ. ಎರಡು ಕೋರ್ಸನ್ನು ಒಂದರೊಳಗೆ ತುರುಕಿದಾಗ ಥಿಯರಿ ಪೇಪರ್ ಕಡಿಮೆಯಾಗುವುದಿಲ್ಲ, ಯಾಕೆಂದರೆ ಪರೀಕ್ಷೆ ನಡೆಸಬೇಕಲ್ಲ. ಕಡಿಮೆಯಾಗುವುದು ಪ್ರಾಕ್ಟಿಕಮ್, ಅಂದರೆ ಮೇಲ್ವಿಚಾರಣೆಯಲ್ಲಿ ಮಾಡುವ ಪ್ರಾಯೋಗಿಕ ತರಬೇತಿ. ಅಬ್‌ನಾರ್ಮಲ್ ಸೈಕಾಲಜಿ ಅರ್ಧಕ್ಕೆ ಬರುವ ಮುಂಚೆಯೇ ನಮಗೆ ಸಿಬಿಟಿ (ಯೋಚನೆ, ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ) ಪಾಠ ಮಾಡಿದರು. ಖಾಯಿಲೆ ಏನೆಂದು ತಿಳಿಯದವರಿಗೆ ಚಿಕಿತ್ಸೆ ಕಲಿಸಿದ ಹಾಗೆ. ಕೋವಿಡ್ ಮುಗಿದ ಮೇಲೂ ಎಷ್ಟೋ ಪೇಪರ್ ರಾತ್ರಿ ಆನ್‌ಲೈನ್‌ನಲ್ಲೇ ನಡೆಯುತ್ತಿದ್ದವು. ಲಾಗ್‌ಬುಕ್ ಮಾತ್ರ ತುಂಬಿರಬೇಕು. ಗೆಳತಿಯರು ಎದುರುಬದುರು ಕೂತು ಮಾಡಿದ ರೋಲ್-ಪ್ಲೇ ‘ಕ್ಲೈಂಟ್ ಅವರ್ಸ್’ ಆಯಿತು. ಶಾಲೆಯೊಂದಕ್ಕೆ ಬಸ್ಸಿನಲ್ಲಿ ಹೋಗಿ ಒತ್ತಡ ನಿರ್ವಹಣೆಯ ಪೋಸ್ಟರ್ ಅಂಟಿಸಿ ಬಂದದ್ದು ‘ಗ್ರೂಪ್ ಇಂಟರ್‌ವೆನ್ಷನ್’ ಆಯಿತು. ಸಹಿ ಹಾಕಿದ ಸೂಪರ್‌ವೈಸರ್ ಒಂದು ಸೆಷನ್ನನ್ನೂ ನೋಡಿರಲಿಲ್ಲ.

ಇದೆಲ್ಲ ಬರೀ ಕಾಗದದ ಮೇಲಿನ ಸುಳ್ಳಾಗಿದ್ದರೆ ನಾನು ಬಹುಶಃ ಹಲ್ಲು ಕಚ್ಚಿ ಐದು ವರ್ಷ ಮುಗಿಸುತ್ತಿದ್ದೆ. ಮೂರನೇ ವರ್ಷ ನಮ್ಮನ್ನು ಕ್ಯಾಂಪಸ್‌ನ ‘ವೆಲ್‌ನೆಸ್ ಸೆಂಟರ್’ನಲ್ಲಿ ಕೂರಿಸಿದರು. ಫಸ್ಟ್ ಇಯರ್ ಹುಡುಗಿಯೊಬ್ಬಳು ಬಂದು, ಹಾಜರಿ ಕಡಿಮೆ ಅಂತ ಏನೋ ಶುರುಮಾಡಿ, ಕೊನೆಗೆ ತಾನು ಬದುಕಿರುವುದೇ ಬೇಡ ಅನ್ನಿಸುತ್ತಿದೆ ಎಂದಳು. ಅಂಥ ಮಾತು ಕೇಳಿದಾಗ ಯಾರಿಗೆ ತಿಳಿಸಬೇಕು, ಗೋಪ್ಯತೆಯ ಮಿತಿ ಎಲ್ಲಿಗೆ ಮುಗಿಯುತ್ತದೆ, ಒಬ್ಬಳನ್ನೇ ಹಾಸ್ಟೆಲಿಗೆ ಕಳಿಸಬಹುದೇ, ಇದ್ಯಾವುದನ್ನೂ ನಮಗೆ ಹೇಳಿಕೊಟ್ಟಿರಲಿಲ್ಲ. ಮೇಲ್ವಿಚಾರಣೆಗೆ ಇರಬೇಕಾದ ಅಧ್ಯಾಪಕರಿಗೆ ಫೋನ್ ಮಾಡಿದರೆ ‘ಲಾಗ್‌ನಲ್ಲಿ ಬರೀರಿ, ನಾಳೆ ನೋಡೋಣ’ ಅಂದರು. ನಾನು ಅವಳ ಪಕ್ಕದಲ್ಲೇ ಕೂತು 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ ಫೋನ್ ಹಚ್ಚಿದೆ. ಆ ಕಡೆಯವರು ಅವಳ ಜೊತೆ ಕನ್ನಡದಲ್ಲೇ ಮಾತಾಡಿದರು. ಅವಳ ಅಕ್ಕ ಬಂದು ಕರೆದುಕೊಂಡು ಹೋಗುವವರೆಗೆ ನಾನು ಎದ್ದಿರಲಿಲ್ಲ. ಅವಳು ಈಗ ಚೆನ್ನಾಗಿದ್ದಾಳೆ. ಮರುವಾರ ನನಗೆ ಬಂದದ್ದು ಮೆಮೊ: ಸಂಸ್ಥೆಯ ಹೊರಗಿನವರನ್ನು ಅನುಮತಿ ಇಲ್ಲದೆ ಸಂಪರ್ಕಿಸಿದ್ದಕ್ಕೆ.

ಹೊರಗೆ ಬರುವುದು ಒಳಗೆ ಹೋದಷ್ಟು ಸಲೀಸಲ್ಲ. ಮೂರು ವರ್ಷಕ್ಕೆ ಬಿ.ಎಸ್ಸಿ ಕೊಡಿ ಎಂದರೆ ‘ಇದು ಇಂಟಿಗ್ರೇಟೆಡ್, ಮಧ್ಯೆ ಡಿಗ್ರಿ ಇಲ್ಲ’ ಎಂದರು. ಬ್ರೋಷರ್‌ನಲ್ಲಿ ಎಕ್ಸಿಟ್ ಆಪ್ಷನ್ ಎಂದು ಅಚ್ಚಾಗಿದ್ದ ಪುಟವನ್ನು ತೋರಿಸಿದೆ. ಉಳಿದ ಎರಡು ವರ್ಷದ ಫೀಸು ಕಟ್ಟಿದರೆ ಕೊಡುತ್ತೇವೆ ಅಂದರು. ಹತ್ತನೇ ತರಗತಿ, ಪಿಯುಸಿಯ ಅಸಲು ಅಂಕಪಟ್ಟಿಗಳು ಅವರ ಬೀರುವಿನಲ್ಲಿದ್ದವು. ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳುತ್ತೇನೆ: ಅಸಲು ಪ್ರಮಾಣಪತ್ರಗಳನ್ನು ಇಟ್ಟುಕೊಳ್ಳುವ ಹಕ್ಕು ಕಾಲೇಜುಗಳಿಗಿಲ್ಲ. ಫೀಸು ವಾಪಸಾತಿ ಮತ್ತು ಅಸಲು ದಾಖಲೆಗಳ ಬಗ್ಗೆ ಯುಜಿಸಿಯ ಅಕ್ಟೋಬರ್ 2018ರ ಅಧಿಸೂಚನೆಯೇ ಇದೆ. ಅದರ ಪ್ರತಿಯನ್ನು ಲಗತ್ತಿಸಿ ಲಿಖಿತ ಅರ್ಜಿ ಕೊಟ್ಟು, ಯುಜಿಸಿಯ ಇ-ಸಮಾಧಾನ್ ಪೋರ್ಟಲ್‌ನಲ್ಲಿ ದೂರು ಹಾಕಿದ ಮೇಲೆ ಅಂಕಪಟ್ಟಿಗಳು ಬಂದವು. ಡಿಗ್ರಿ ಸರ್ಟಿಫಿಕೇಟ್ ಬರುವ ಹೊತ್ತಿಗೆ ಆ ವರ್ಷದ ಪಿಜಿ ಪ್ರವೇಶ ಮುಗಿದಿತ್ತು. ಉಳಿಸಿಕೊಡುತ್ತೇನೆ ಅಂದಿದ್ದ ವರ್ಷ ಹೀಗೆ ಹೋಯಿತು. ಮುಂದಿನ ಸಾಲಿನಲ್ಲಿ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಮಾಮೂಲಿ ಎರಡು ವರ್ಷದ ಎಂ.ಎಸ್ಸಿಗೆ ಸೇರಿದೆ.

ಮಗಳನ್ನೋ ತಮ್ಮನನ್ನೋ ಇಂಥ ಕೋರ್ಸಿಗೆ ಸೇರಿಸುವ ಯೋಚನೆ ಇದ್ದರೆ, ಮೊದಲು ಡಿಗ್ರಿ ಕೊಡುವವರು ಯಾರು ಎಂದು ಕೇಳಿ. 1956ರ ಯುಜಿಸಿ ಕಾಯ್ದೆಯ ಪ್ರಕಾರ ಅಧಿಕೃತ ವಿಶ್ವವಿದ್ಯಾಲಯ, ಡೀಮ್ಡ್ ವಿಶ್ವವಿದ್ಯಾಲಯ ಅಥವಾ ಸಂಸತ್ತು ಕಾಯ್ದೆಯ ಮೂಲಕ ಅಧಿಕಾರ ಕೊಟ್ಟ ಸಂಸ್ಥೆ ಬಿಟ್ಟು ಬೇರೆ ‘ಇನ್‌ಸ್ಟಿಟ್ಯೂಟ್’ ಡಿಗ್ರಿ ಕೊಡುವ ಹಾಗಿಲ್ಲ. ಮೂರನೇ ವರ್ಷಕ್ಕೆ ಬಿಟ್ಟರೆ ಯಾವ ಹೆಸರಿನ ಡಿಗ್ರಿ ಎಂಬುದನ್ನು ಸೀಲು-ಸಹಿ ಇರುವ ಕಾಗದದಲ್ಲೇ ಪಡೆಯಿರಿ, ವಾಟ್ಸಾಪ್ ಮೆಸೇಜ್ ಸಾಲದು. ಆನ್‌ಲೈನ್ ಎಂದರೆ ಅಲ್ಲಿಗೇ ಬಿಡಿ: 2025ರ ಜುಲೈ–ಆಗಸ್ಟ್ ಸಾಲಿನಿಂದ ಸೈಕಾಲಜಿಯನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಕಲಿಸುವುದನ್ನೇ ಯುಜಿಸಿ ತಡೆದಿದೆ. ಅದಕ್ಕೆ ಕಾರಣ 2021ರ ಅಲೈಡ್ ಆ್ಯಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆ. ಆ ಕಾಯ್ದೆ ಹೆಲ್ತ್‌ಕೇರ್ ಪ್ರೊಫೆಷನಲ್ ಎನಿಸಿಕೊಳ್ಳಲು ಕನಿಷ್ಠ 3,600 ಗಂಟೆಗಳ ಡಿಗ್ರಿ ಓದನ್ನು ಕೇಳುತ್ತದೆ, ಕ್ಲಿನಿಕಲ್ ಅಲ್ಲದ ಸೈಕಾಲಜಿಸ್ಟರೂ ಕೆಲವು ಬಗೆಯ ಕೌನ್ಸೆಲರ್‌ಗಳೂ ಅದರ ಪಟ್ಟಿಯಲ್ಲಿ ಬರುತ್ತಾರೆ. ಹಾಗಾಗಿ ಗಂಟೆಗಳ ಲೆಕ್ಕ ಕೇಳಿ. ಪ್ರಾಕ್ಟಿಕಮ್ ಯಾವ ಆಸ್ಪತ್ರೆಯಲ್ಲಿ, ಸೂಪರ್‌ವೈಸರ್ ಯಾರು, ಅವರ ಆರ್‌ಸಿಐ ನೋಂದಣಿ ಸಂಖ್ಯೆ ಏನು? ನಾಲ್ಕನೇ, ಐದನೇ ವರ್ಷದ ವಿದ್ಯಾರ್ಥಿಗಳನ್ನು ಕಾಲೇಜಿನವರು ಪಕ್ಕದಲ್ಲಿಲ್ಲದಾಗ ಮಾತಾಡಿಸಿ. ನಮ್ಮಲ್ಲಿ ‘ಓರಿಯಂಟೇಷನ್’ ದಿನ ಸೀನಿಯರ್‌ಗಳ ಕಾರಿಡಾರಿಗೇ ಬೀಗ ಹಾಕಿದ್ದರು.

ನನ್ನ ಫೀಸು ವಾಪಸಾತಿ ದೂರು ಇನ್ನೂ ಇತ್ಯರ್ಥವಾಗಿಲ್ಲ. ನನ್ನ ಬ್ಯಾಚಿನವರೋ ಜೂನಿಯರ್‌ಗಳೋ ಇದನ್ನು ಓದುತ್ತಿದ್ದರೆ, ಎಕ್ಸಿಟ್ ಪುಟ ಇರುವ ಹಳೆಯ ಬ್ರೋಷರ್ ಎಸೆಯಬೇಡಿ. ಈಗಿನ ಬ್ರೋಷರ್‌ನಲ್ಲಿ ಆ ಪುಟವೇ ಇಲ್ಲ.